ಕೋವಿ ತುಂಬಿದವನು

ಕೋವಿ ನಮ್ಮೂರ ಗೌಡರು ಬೋರಲಿಂಗಯ್ಯನವರದು. ಲೈಸೆನ್ಸೂ ಅವರದೇ. ತೋಟವೂ ಅವರದೇ ಎಂದು ಪಹಣಿ ಹೇಳುತ್ತದೆ. ಅದು ಸುಳ್ಳು, ಆ ಮಾತಿಗೆ ಆಮೇಲೆ ಬರುತ್ತೇನೆ. ಹೊತ್ತವನು ನಾನು, ಮುನಿರಾಮಯ್ಯ. ಹದಿನಾಲ್ಕು ವರ್ಷ ಹೊತ್ತೆ. ಉಜ್ಜಿದವನು ನಾನು, ಎಣ್ಣೆ ಹಾಕಿದವನು ನಾನು, ಮದ್ದು ಜಡಿದವನು ನಾನು. ಹಾರಿಸುವುದಷ್ಟೇ ಅವರ ಕೆಲಸವಾಗಿತ್ತು.

ಅದು ಮೂತಿಯಿಂದ ತುಂಬುವ ಹಳೇ ಕೋವಿ. ಬೆಳೆ ಕಾಯುವುದಕ್ಕೆಂದು ಸರ್ಕಾರ ಲೈಸೆನ್ಸ್ ಕೊಟ್ಟದ್ದು. ಮೊದಲು ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರಿನ ಉಂಡೆ ತುರುಕಿ ಕಬ್ಬಿಣದ ಸಲಾಕೆಯಲ್ಲಿ ಜಡಿಯಬೇಕು. ಆಮೇಲೆ ಸೀಸದ ಚರೆ, ಮತ್ತೆ ನಾರು, ಮತ್ತೆ ಜಡಿತ. ಜಡಿತ ಹೆಚ್ಚಾದರೆ ನಳಿಗೆ ಸಿಡಿಯುತ್ತದೆ, ಜಡಿದವನ ಕೈ ಹೋಗುತ್ತದೆ. ನನಗಿಂತ ಮುಂಚೆ ತುಂಬುತ್ತಿದ್ದ ನನ್ನ ದೊಡ್ಡಪ್ಪನಿಗೆ ಎಡಗೈಯಲ್ಲಿ ಎರಡೇ ಬೆರಳು ಉಳಿದಿದ್ದವು. ಅದಕ್ಕೇ ಆ ಕೆಲಸವನ್ನು ನಮ್ಮ ಕೇರಿಗೆ ಬಿಟ್ಟಿದ್ದರು. ತುಂಬಿ, ಒರೆಸಿ, ಎರಡೂ ಕೈಯಲ್ಲಿ ಎತ್ತಿಕೊಡುತ್ತಿದ್ದೆ. ಕೋವಿ ಒಳಗೆ ಹೋಗಿ ದೇವರ ಮನೆಯ ಗೋಡೆಗೆ ಒರಗುತ್ತಿತ್ತು. ಅದನ್ನು ತುಂಬಿದವನು ಜಗಲಿಯ ಕೆಳಗೆ ಬಿಸಿಲಲ್ಲಿ ನಿಂತಿರುತ್ತಿದ್ದ.

ಎಲೆಕ್ಷನ್ ಬಂದಾಗಲೆಲ್ಲ ಲೈಸೆನ್ಸಿನ ಕೋವಿಗಳನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸು ತರಬೇಕು. ಅಲ್ಲಿ ಸಾಲಿನಲ್ಲಿ ನಿಲ್ಲುವುದು ಗೌಡರಿಗೆ ಅವಮಾನ. ಲೈಸೆನ್ಸ್ ಪುಸ್ತಕ ಕೊಟ್ಟು ನನ್ನನ್ನು ಕಳಿಸುತ್ತಿದ್ದರು. ನಾನು ಏಳನೇ ಕ್ಲಾಸು ಓದಿದವನು, ಹೆಸರು ಗುಂಡಗೆ ಬರೆಯುತ್ತೇನೆ. ಸ್ಟೇಷನ್ನಿನ ರೈಟರು ರಿಜಿಸ್ಟರಿನಲ್ಲಿ ರುಜು ಹಾಕು ಅಂದರೆ ಹಾಕುತ್ತಿದ್ದೆ. ಕೊಡುವಾಗ ಒಂದು, ತರುವಾಗ ಒಂದು. ಬಸ್ಸಿನಲ್ಲಿ ಕೋವಿ ಹಿಡಿದು ನಿಂತರೆ ಜನ ಸರಿದು ಜಾಗ ಬಿಡುತ್ತಿದ್ದರು. ನಮ್ಮವರಿಗೆ ಹೊರಗೆ ಲೋಟ ಇಡುತ್ತಿದ್ದ ಹೋಟೆಲಿನಲ್ಲಿ ಕೋವಿ ನೋಡಿ ನನ್ನನ್ನು ಒಳಗೆ ಕೂರಿಸಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಕಡೆಯ ಮೂರು ಎಲೆಕ್ಷನ್ನಿಗೆ ನಾನೇ ಹೋದದ್ದು, ಆರು ರುಜು. ನನ್ನಂಥ ಮುಠ್ಠಾಳ ಇನ್ನೊಬ್ಬನಿರಲಾರ. ಲೈಸೆನ್ಸ್ ಇಲ್ಲದವನು ಕೋವಿ ಇಟ್ಟುಕೊಂಡದ್ದೇ ಒಂದು ಅಪರಾಧವಂತೆ, ಅದಕ್ಕೇ ಮೂರು ವರ್ಷದವರೆಗೆ ಜೈಲಿಗೆ ಹಾಕಬಹುದಂತೆ. ಆ ಕೇಸು ನನ್ನ ಮೇಲೆ ಈಗಲೂ ನಡೆಯುತ್ತಿದೆ.

ಈಗ ತೋಟದ ಮಾತು. ಅದರಲ್ಲಿ ನಾಲ್ಕು ಎಕರೆ ಗೋಮಾಳ. ಒಂದೂವರೆ ಎಕರೆಯನ್ನು ನನ್ನಪ್ಪ ಲಂಟಾನ ಕಡಿದು, ಕಲ್ಲು ಆಯ್ದು ಹಸನು ಮಾಡಿದ್ದ. ರಾಗಿ, ಹುರುಳಿ ಬೆಳೆಯುತ್ತಿದ್ದ. ಸಾಗುವಳಿ ಚೀಟಿಗೆ ಅರ್ಜಿಯನ್ನೂ ಹಾಕಿದ್ದ. ಅರ್ಜಿಗೆ ಉತ್ತರ ಬರುವ ಮುಂಚೆ ಸತ್ತ. ಒಂದು ದಿನ ನಾಲ್ಕೂ ಎಕರೆಯ ಪಹಣಿ ಬೋರಲಿಂಗಯ್ಯನವರ ಹೆಸರಿಗೆ ಬಂತು. ಹೇಗೆ ಬಂತೆಂದು ಕೇಳಲು ನಮ್ಮಲ್ಲಿ ಯಾರಿಗೂ ಬಾಯಿರಲಿಲ್ಲ. ಬೇಲಿ ಹಾಕು ಅಂದರು, ಹಾಕಿದೆ. ಗುಂಡಿ ತೋಡಿದೆ. ಕಲ್ಲುಕಂಬಗಳನ್ನು ಹೆಗಲ ಮೇಲೆ ಹೊತ್ತೆ. ಹೆಗಲಿನ ಚರ್ಮ ಕಿತ್ತು ಬಂತು. ಅದರ ಮೇಲೆ ಗೋಣಿಚೀಲ ಮಡಿಸಿಟ್ಟುಕೊಂಡು ಮತ್ತೆ ಹೊತ್ತೆ. ನನ್ನಪ್ಪನ ಹೊಲದಿಂದ ನನ್ನ ಕೈಯಾರೆ ನನ್ನನ್ನೇ ಹೊರಗೆ ಹಾಕಿದೆ. ಮಾವಿನ ಸಸಿ ನೆಟ್ಟವನು, ಮೂರು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತವನು ನಾನೇ. ಮರವಾದ ಮೇಲೆ ಕೋವಿ ಹೊರಿಸಿ ಕಾಯಲು ನಿಲ್ಲಿಸಿದರು. ಹಂದಿಯಿಂದ ಕಾಯಬೇಕು, ಮಂಗನಿಂದ ಕಾಯಬೇಕು, ಮತ್ತೆ ನಮ್ಮ ಕೇರಿಯ ಹೆಂಗಸರಿಂದ ಕಾಯಬೇಕು. ಒಲೆಗೆ ಪುರಲೆ ಆಯಲೆಂದು ಬಂದವರನ್ನು ನಾನೂ ಗದರಿ ಓಡಿಸಿದ್ದೇನೆ. ಸುಳ್ಳೇಕೆ ಹೇಳಲಿ.

ಆಗ ನಾವಿನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದೆವು. ನೆಲಮಂಗಲದ ಕಡೆಯಿಂದ ಫ್ಯಾಕ್ಟರಿ ಶೆಡ್ಡುಗಳು ಸೋಲೂರಿನವರೆಗೆ ಬಂದಿದ್ದವು. ಸರ್ವೆಯವರು ಬಂದು ನಮ್ಮ ಕಡೆಯ ಕಲ್ಲುಗಳಿಗೂ ಕೆಂಪು ಬಣ್ಣ ಬಳಿದು ಹೋದರು. ಜಮೀನು ಕಂಪನಿಗೆ ಹೋಗುತ್ತದೆ, ಅಧಿಕಾರಿಗಳು ಬಂದು ಮರ ಎಣಿಸುತ್ತಾರೆ, ಕಾಯಿ ತುಂಬಿದ ಮರಕ್ಕೆ ಬೆಲೆ ಬೇರೆ ಎಂದು ಯಾರೋ ಗೌಡರ ತಲೆಗೆ ತುಂಬಿದರು. ಅವತ್ತಿನಿಂದ ತೋಟದಲ್ಲಿ ಒಂದು ಕಾಯಿಯನ್ನೂ ಯಾರೂ ಮುಟ್ಟುವಂತಿಲ್ಲ ಅಂದರು.

ಆದರೆ ಆ ಕಾಯಿ ಇದ್ರೀಸನದು. ಅವನು ಮಾಗಡಿಯವನು. ಪ್ರತಿ ವರ್ಷ ಮರ ಹೂ ಬಿಟ್ಟಾಗಲೇ ಬಂದು ಗೌಡರ ಕೈಮೇಲೆ ಕೈಯಿಟ್ಟು ಇಡೀ ತೋಟದ ಫಸಲು ಗುತ್ತಿಗೆ ಹಿಡಿಯುತ್ತಿದ್ದ. ಅವನೂ ಅವನ ಹೆಂಡತಿ ನೂರ್ಜಹಾನಳೂ ನಾಲ್ಕು ತಿಂಗಳು ತೋಟದಲ್ಲೇ ಗರಿಯ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಔಷಧಿ ಹೊಡೆದು, ಅಳಿಲು ಓಡಿಸಿ, ಕಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಇದ್ರೀಸ್ ನನ್ನನ್ನು ಕೂಗುತ್ತಿದ್ದ. ತನ್ನ ಚಾಪೆಯಲ್ಲಿ ಅರ್ಧ ಬಿಟ್ಟು ಕೂರಿಸುತ್ತಿದ್ದ. ನೂರ್ಜಹಾನ್ ತಟ್ಟೆಯಲ್ಲಿ ಬಡಿಸುತ್ತಿದ್ದಳು. ತಿಂದ ತಟ್ಟೆಯನ್ನು ನಾನು ತೊಳೆಯಲು ಹೋದರೆ ಕಸಿದುಕೊಳ್ಳುತ್ತಿದ್ದಳು.

ಕಾಯಿ ಇಳಿಸಬೇಡ ಎಂದು ಗೌಡರು ಹೇಳಿಕಳಿಸಿದಾಗ ಇದ್ರೀಸ್ ಎರಡು ಸಲ ಅವರ ಮನೆಗೆ ಹೋಗಿ ಬಂದ. ಮಾವು ನಮಗಾಗಿ ಕಾದು ಕೂರುವುದಿಲ್ಲ, ಇನ್ನೊಂದು ವಾರ ಬಿಟ್ಟರೆ ಎಲ್ಲ ನೆಲಕ್ಕೆ ಬೀಳುತ್ತದೆ ಎಂದು ತಿಳಿಸಿ ಹೇಳಿದನಂತೆ. ಗೌಡರು ಎದ್ದು ಒಳಗೆ ಹೋದರಂತೆ.

ಆವತ್ತು ಸಂಜೆ ಗೌಡರು ನನ್ನನ್ನು ಕರೆಸಿ ಕೋವಿ ತುಂಬು ಅಂದರು. ಬಿದ್ದ ಹಣ್ಣಿಗೆ ಹಂದಿ ಬರುತ್ತಿವೆಯಂತೆ. ಒಂದು ವಾರದಿಂದ ತೋಟದಲ್ಲಿ ಹಂದಿಯ ಹೆಜ್ಜೆ ಕಂಡಿರಲಿಲ್ಲ, ನನಗೆ ಅನುಮಾನ ಬಂತು. ಅನುಮಾನ ಬಂದರೂ ತುಂಬಿದೆ. ಮದ್ದು, ನಾರು, ಚರೆ, ನಾರು. ಚೆನ್ನಾಗಿ ಜಡಿದು ಎತ್ತಿಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ಏಳು ಗಂಟೆ. ಬಿಸಿಲು ಬಂದಾಗಿತ್ತು. ಇದ್ರೀಸ್ ಪಂಪುಮನೆಯ ಎದುರಿನ ಮರದ ಕೆಳಗೆ ನಿಂತು ದೋಟಿಯಲ್ಲಿ ಕಾಯಿ ಇಳಿಸುತ್ತಿದ್ದ. ಒಸಿ ಬುಟ್ಟಿ ಹಿಡಿ ಮುನಿರಾಮಣ್ಣ ಅಂದ, ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೂರ್ಜಹಾನ್ ಆಚೆ ಮರದ ಬುಡದಲ್ಲಿ ಕಾಯಿ ವಿಂಗಡಿಸುತ್ತಿದ್ದಳು. ಪಂಪುಮನೆಯ ಮೂಲೆಯಲ್ಲಿ ಗೌಡರು ಕಾಣಿಸಿದರು. ಕೈಯಲ್ಲಿ ಕೋವಿ ಇತ್ತು.

"ಕಾಯಿ ಮುಟ್ಬ್ಯಾಡ ಕಣ್ಲಾ ಸಾಬಿ," ಅಂದರು.

ಇದ್ರೀಸ್ ತಿರುಗಲಿಲ್ಲ. ಅವನ ಕಣ್ಣು ಕೊಂಬೆಯ ಮೇಲಿತ್ತು. "ಈ ಮರ ಒಂದು ಮುಗುಸ್ಬುಡ್ತೀನಿ ಗೌಡ್ರೆ, ಆಮ್ಯಾಕೆ ಕೂತ್ಕಂಡು ಮಾತಾಡಾಣ."

ಕೋವಿಯ ಕುದುರೆ ಎಳೆದ ಸದ್ದು ಕೇಳಿಸಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಬಗ್ಗು ಎಂದು ಕೂಗಬೇಕಿತ್ತು. ನಾಲಿಗೆ ಏಳಲಿಲ್ಲ. ಗೌಡರ ಎದುರು ಕೂಗಿ ಅಭ್ಯಾಸವೇ ಇರಲಿಲ್ಲ ನನಗೆ. ಚರೆ ಇದ್ರೀಸನ ಬೆನ್ನಿಗೆ, ಕುತ್ತಿಗೆಗೆ ಹೊಕ್ಕಿತು. ಬುಟ್ಟಿ ನನ್ನ ಕೈಯಲ್ಲೇ ಇತ್ತು.

ಕಾಯಿ ಸಾಗಿಸಲು ತರಿಸಿದ್ದ ಟೆಂಪೋದಲ್ಲೇ ಅವನನ್ನು ಹಾಕಿಕೊಂಡು ಹೊರಟೆವು. ಮಾಗಡಿ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಬೆಂಗಳೂರಿಗೆ ಒಯ್ಯಿರಿ ಅಂದರು. ಹುಲ್ಲಿನ ಮೇಲೆ ಮಲಗಿಸಿ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಲುಂಗಿ ತೊಯ್ದು ತೊಡೆಗೆ ಅಂಟಿತು. ನೂರ್ಜಹಾನ್ ಸೆರಗು ಒತ್ತಿ ಹಿಡಿದಿದ್ದಳು. ದಾರಿಯಲ್ಲಿ ಒಂದು ಸಲ ಇದ್ರೀಸ್ ಕಣ್ಣು ಬಿಟ್ಟ. "ಮುನಿರಾಮಣ್ಣ, ಕಾಯಿ ಬಿಸ್ಲಲ್ಲಿ ಅವೆ. ನೆಳ್ಳಿಗೆ ಹಾಕ್ಸು," ಅಂದ. ತಾವರೆಕೆರೆ ದಾಟುವ ಹೊತ್ತಿಗೆ ಉಸಿರು ನಿಂತಿತ್ತು.

ಗೌಡರು ಹಾರಿಸಿದರು ಎಂದು ನೂರ್ಜಹಾನ್ ಸ್ಟೇಷನ್ನಿನಲ್ಲಿ ಹೇಳಿದಳು. ಅವಳಿಗೆ ಕನ್ನಡ ಓದಲು ಬಾರದು. ತೋಟದ ಕಾವಲಿನವರ ಕಡೆಯಿಂದ ಗುಂಡು ಹಾರಿತು ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಸಂಜೆ ನನಗೆ ಗೌಡರ ಮನೆಯಿಂದ ಕರೆ ಬಂತು. ಜಗಲಿ ಹತ್ತು ಅಂದರು. ಹತ್ತಲಿಲ್ಲ. ಮತ್ತೆ ಅಂದರು, ಹತ್ತಿದೆ. ಕೂರು ಅಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಗೌಡತಿ ಒಳಗಿನ ಸ್ಟೀಲು ಲೋಟದಲ್ಲಿ ಕಾಫಿ ತಂದಿಟ್ಟರು. ಆ ಲೋಟವನ್ನು ನಾನು ಮುಟ್ಟಲಿಲ್ಲ. ಗೌಡರ ಮಗ ಲೋಕೇಶ್ ಕಾರಿನಲ್ಲಿ ಬಂದಿಳಿದ. ನನ್ನ ಅರ್ಧ ವಯಸ್ಸಿನ ಹುಡುಗ, ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲೇ ಕರೆದವನು. ಅವತ್ತು ಮುನಿರಾಮಣ್ಣ ಅಂದ.

ಬೆಳಿಗ್ಗೆ ಮಾಗಡಿಗೆ ಕರೆದೊಯ್ದರು. ವಕೀಲ ಉದಯಶಂಕರ್ ಕನ್ನಡಕ ಒರೆಸಿಕೊಂಡು ತಾಳ್ಮೆಯಿಂದ ವಿವರಿಸಿದರು. ತನ್ನ ಆಸ್ತಿ ಕಾಯುವ ಹಕ್ಕು ಎಲ್ಲರಿಗೂ ಇದೆಯಂತೆ. ಆದರೆ ಆ ಹಕ್ಕಿಗೆ ಅಳತೆ ಉಂಟಂತೆ. ದರೋಡೆಗೆ ಬಂದವನನ್ನು, ರಾತ್ರಿ ಮನೆ ಒಡೆದವನನ್ನು, ಮನೆಗೆ ಬೆಂಕಿ ಇಟ್ಟವನನ್ನು ಹೊಡೆದರೆ ಕಾನೂನು ಒಪ್ಪುತ್ತದಂತೆ. ಹಾಡುಹಗಲು ಮಾವಿನಕಾಯಿ ಇಳಿಸುವವನ ಬೆನ್ನಿಗೆ ಹೊಡೆದರೆ ಒಪ್ಪುವುದಿಲ್ಲವಂತೆ. ಅದೂ ಫಸಲು ಹಿಡಿದವನೇ ಅವನು, ಕಳ್ಳ ಎನ್ನಲೂ ಬಾರದು. ಗೌಡರ ಮೇಲೆ ಹೋದರೆ ಕೊಲೆ ಕೇಸು, ಜೀವಾವಧಿಯವರೆಗೂ ಹೋಗಬಹುದು ಅಂದರು. ಅದೇ ತೋಟದ ಆಳು ಹಂದಿ ಎಂದು ತಿಳಿದು ಹಾರಿಸಿದ್ದಾದರೆ ಅಜಾಗರೂಕತೆ. ಹೆಚ್ಚೆಂದರೆ ಎರಡು ವರ್ಷ.

"ರಿಜಿಸ್ಟರಲ್ಲಿ ಆರು ಕಡೆ ನಿನ್ನ ಸಹಿ ಇದೆ," ಅಂದರು. "ಕೋವಿ ನಿನ್ನ ಹತ್ತಿರಾನೇ ಇರ್ತಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ."

ಲೈಸೆನ್ಸ್ ಇಲ್ಲದ ಕೋವಿಯ ಕೇಸು ಬೇರೆ ಬೀಳುತ್ತದೆ ಎಂದು ಆವತ್ತು ಅವರು ಹೇಳಲಿಲ್ಲ.

ಗೌಡರೂ ಅಲ್ಲೇ ಕೂತಿದ್ದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. "ನಿಮ್ಮಪ್ಪನ ಒಂದೂವರೆ ಎಕ್ರೆ ಐತಲ್ಲ, ನಿನ್ ಹೆಸ್ರಿಗೆ ಬರ್ದು ಕೊಡ್ತೀನಿ. ಕಂಪ್ನಿಯೋರು ಬಂದ್ರೂ ನಿಂಗೇ ಬತ್ತದೆ. ತುಂಬ್ದೋನು ನೀನೇ ತಾನೇ ಮುನಿರಾಮ? ನಾನೇನು ಸುಳ್ಳು ಹೇಳು ಅಂತಿದ್ದೀನಾ?" ಅಂದರು. ನಿಮ್ಮಪ್ಪನ ಎಕರೆ ಎಂದು ಅವರ ಬಾಯಲ್ಲೇ ಬಂತು ನೋಡಿ. ಆಮೇಲೆ ಲೋಕೇಶ್ ಕಾರಿನ ಬಾಗಿಲು ಹಾಕುತ್ತಾ, ನಮ್ಮ ಕೇರಿಯ ಹದಿನೇಳು ಮನೆಗೂ ಹಕ್ಕುಪತ್ರ ಇಲ್ಲ, ಆ ಜಾಗವೂ ಸರ್ವೆಯಲ್ಲಿ ಬರುತ್ತದೆ ಎಂದು ನೆನಪಿಸಿದ. ಏರುದನಿಯಲ್ಲೇನೂ ಹೇಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಹುಚ್ಚಮ್ಮ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳು, ಅವಳ ಉಗುರಿನಿಂದ ಆ ಹಸಿರು ಯಾವತ್ತೂ ಹೋಗಿಲ್ಲ. ಎರಡು ವರ್ಷ ಕಣ್ಣುಮುಚ್ಚಿ ತೆಗೆದರೆ ಹೋಗುತ್ತದೆ, ಭೂಮಿ ಬರುತ್ತದೆ, ಕೇರಿ ಉಳಿಯುತ್ತದೆ ಅಂದಳು. ನಾನು ಅವಳನ್ನು ಬೈಯಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಆಮೇಲೆ ಒಲೆ ಊದುತ್ತಿದ್ದವಳು ನಿಲ್ಲಿಸಿ ಕೇಳಿದಳು:

"ಇದ್ರೀಸಣ್ಣನ್ನ ಹಂದಿ ಅಂದ್ಕಂಡೆ ಅಂತ ಹೇಳ್ಬೇಕಾ?"

ಹೂಂ ಅಂದೆ. ಆವತ್ತು ಇಬ್ಬರೂ ಉಣ್ಣಲಿಲ್ಲ.

ಆದರೂ ಹೋದೆ. ನನ್ನನ್ನು ದೊಡ್ಡ ಮನುಷ್ಯ ಎಂದು ತಿಳಿಯಬೇಡಿ. ಮೂರನೇ ದಿನ ಅದೇ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿ ಒಪ್ಪಿಸಿದೆ. ಎಲೆಕ್ಷನ್ನಿನಲ್ಲಿ ಬೆಂಚಿನ ಮೇಲೆ ಕೂರಿಸುತ್ತಿದ್ದವರು ಚಡ್ಡಿಯಲ್ಲಿ ನೆಲದ ಮೇಲೆ ಕೂರಿಸಿದರು. ರೈಟರು ಬರೆದುಕೊಂಡು ಹೋದ. ಅವನೇ ಕೇಳುತ್ತಿದ್ದ, ಅವನೇ ಉತ್ತರ ಹೇಳಿಕೊಳ್ಳುತ್ತಿದ್ದ. ನಾನು ಎಲ್ಲದಕ್ಕೂ ಹೂಂ ಅಂದೆ. ಹೂಂ ಅನ್ನುವುದು ನನಗೆ ಹೊಸದಲ್ಲ.

ಮಾರನೇ ಬೆಳಿಗ್ಗೆ ಮಹಜರಿಗೆ ತೋಟಕ್ಕೆ ಕರೆತಂದರು. ಎಲ್ಲಿ ನಿಂತು ಹೇಗೆ ಹಾರಿಸಿದೆ ಎಂದು ತೋರಿಸಬೇಕು, ಫೋಟೋ ತೆಗೆಯುತ್ತಾರೆ. ಇನ್ಸ್‌ಪೆಕ್ಟರು, ರೈಟರು, ಮಾಗಡಿಯ ಸ್ಟುಡಿಯೋದ ಫೋಟೋದವನು, ಊರಿನ ಇಬ್ಬರು ಪಂಚರು ಇದ್ದರು. ಗೌಡರು ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ವಕೀಲರ ಪಕ್ಕ ನಿಂತಿದ್ದರು, ಲೋಕೇಶ್ ಅವರ ಹಿಂದಿದ್ದ. ಬೇಲಿಯ ಆಚೆ ನಮ್ಮ ಕೇರಿಯ ಜನ ನಿಂತಿದ್ದರು, ಹುಚ್ಚಮ್ಮನೂ ಇದ್ದಳು. ನೂರ್ಜಹಾನಳನ್ನು ಸಾಕ್ಷಿ ಎಂದು ಕರೆಸಿದ್ದರು. ಇದ್ರೀಸನ ಅಣ್ಣ ಮುಕ್ತಿಯಾರ್ ಹತ್ತು ಹನ್ನೆರಡು ಜನರನ್ನು ಕರೆದುಕೊಂಡು ಅವಳ ಜೊತೆ ಬಂದಿದ್ದ. ಮಾವು ಉದುರಿ ಉದುರಿ ನೆಲ ಹಳದಿಯಾಗಿತ್ತು. ಕೊಳೆತ ಹಣ್ಣಿನ ವಾಸನೆಗೆ ಉಸಿರು ಕಟ್ಟುತ್ತಿತ್ತು. ನೊಣ ಮುಖಕ್ಕೇ ಬಂದು ಹೊಡೆಯುತ್ತಿದ್ದವು.

ಬೇಡಿ ಬಿಚ್ಚಿದರು. ಕೋವಿಯನ್ನು ನನ್ನ ಕೈಗೆ ಕೊಟ್ಟು ಪಂಪುಮನೆಯ ಮೂಲೆಗೆ ನಿಲ್ಲಿಸಿದರು. ರೈಟರು ಗಟ್ಟಿಯಾಗಿ ಓದಿದ. ಆರೋಪಿಯು ಬೆಳಗಿನ ಮಬ್ಬಿನಲ್ಲಿ, ಕಾಡುಹಂದಿಯೆಂದು ತಪ್ಪಾಗಿ ಭಾವಿಸಿ, ಮೃತನ ಕಡೆಗೆ ಗುಂಡು ಹಾರಿಸಿರುತ್ತಾನೆ. ಗುರಿ ಹಿಡಿದು ನಿಲ್ಲು ಅಂದ. ನಾನು ಕೋವಿ ಎತ್ತಿದೆ.

ನೂರ್ಜಹಾನ್ ಅಳಲಿಲ್ಲ, ಬೈಯಲಿಲ್ಲ. ನಿಂತಲ್ಲಿಂದಲೇ ಕೇಳಿದಳು.

"ಮುನಿರಾಮಣ್ಣ, ನಿಮ್ಗೆ ಊಟಕ್ಕೆ ಕರೀತಿದ್ರಲ್ಲ ಅವ್ರು. ಹಂದಿ ಥರ ಕಾಣುಸ್ತಿದ್ರಾ?"

ಇನ್ಸ್‌ಪೆಕ್ಟರು ಸುಮ್ಮನಿರಮ್ಮ ಅಂದರು. ಐವತ್ತು ಕೆಜಿ ಗೊಬ್ಬರದ ಮೂಟೆ ಹೊತ್ತ ನನ್ನ ಕೈ, ಕಲ್ಲುಕಂಬ ಹೊತ್ತ ಕೈ, ಆ ಕೋವಿ ಹೊರಲಾರದೆ ಹೋಯಿತು. ಇದ್ರೀಸನನ್ನು ಹಂದಿ ಮಾಡಿದರೆ ನನಗೆ ನನ್ನಪ್ಪನ ಹೊಲ ಸಿಗುತ್ತದೆ. ಆ ಹೊಲದಲ್ಲಿ ಬೆಳೆದದ್ದನ್ನು ನಾನು ಬಾಯಿಗಿಡಬೇಕು. ಥೂ ಎಂದು ಉಗಿಯಬೇಕೆನಿಸಿತು, ನನ್ನ ಮುಖಕ್ಕೇ.

ಕೋವಿಯನ್ನು ನೆಲಕ್ಕೆ ಹಾಕಿದೆ. ನಡೆದೆ. ಪೇದೆಯೊಬ್ಬ ಲೇ ಲೇ ಎಂದು ಹಿಂದೆ ಬಂದ. ಕಾಲ ಕೆಳಗೆ ಹಣ್ಣು ಪಿಚಕ್ ಎಂದು ಜಾರುತ್ತಿತ್ತು. ಎದುರಿನ ಮರದ ಕೆಳಗೆ ಹೋಗಿ ನಿಂತು ತಿರುಗಿದೆ.

"ಸಾಹೇಬ್ರೆ, ನಾನು ನಿಂತಿದ್ದು ಇಲ್ಲಿ," ಅಂದೆ. "ಬುಟ್ಟಿ ಹಿಡ್ಕಂಡು. ಇದ್ರೀಸಣ್ಣ ಇಲ್ಲಿ, ನನ್ನ ಮಗ್ಗುಲಲ್ಲಿ. ಮಬ್ಬು ಇರ್ನಿಲ್ಲ, ಬಿಸ್ಲು ಬಂದಿತ್ತು. ಕೋವಿ ತುಂಬ್ದೋನು ನಾನೇ. ಅದ್ನ ಬರ್ಕಳಿ. ಅದ್ಕೇನು ಸಿಕ್ಸೆ ಐತೋ ಕೊಡಿ, ತಕತೀನಿ. ಹಾರುಸ್ದೋರು ಬೋರಲಿಂಗಯ್ಯ. ಆ ಜಾಗದಲ್ಲಿ ನಾನ್ಯಾಕೆ ನಿಂತ್ಕಳ್ಳಿ? ಅವ್ರು ನಿಂತ್ಕಳ್ಳಿ."

ಅವರ ಹೆಸರನ್ನು ಗೌಡರೇ, ಬುದ್ಧಿ ಎನ್ನದೆ ನಾನು ಬಾಯಿಂದ ಹೇಳಿದ್ದು ಅದೇ ಮೊದಲು.

ಲೋಕೇಶ್ ಓಡಿಬಂದು ನನ್ನ ಕೊರಳಪಟ್ಟಿ ಹಿಡಿದ. ನಾಳೆ ಬೆಳಗಿನ ಹೊತ್ತಿಗೆ ನಿಮ್ಮ ಕೇರಿ ಇರುವುದಿಲ್ಲ ಅಂದ, ಎಲ್ಲರಿಗೂ ಕೇಳುವಂತೆಯೇ ಅಂದ. ನಾನು ಹುಚ್ಚಮ್ಮನ ಕಡೆ ನೋಡಿದೆ. ಅವಳು ಬೇಲಿಯ ತಂತಿ ಎತ್ತಿ ನುಸುಳಿ ಒಳಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಇನ್ನಿಬ್ಬರು. ನಾನು ಗದರಿ ಓಡಿಸಿದ್ದ ಹೆಂಗಸರೇ. ಮುಕ್ತಿಯಾರನ ಕಡೆಯವರು ಕದಲದೆ ನಿಂತಿದ್ದರು. ವಕೀಲರು ಇನ್ಸ್‌ಪೆಕ್ಟರ ಕಿವಿಯಲ್ಲಿ ಏನೋ ಹೇಳಲು ಹೋದರು. ಇನ್ಸ್‌ಪೆಕ್ಟರು ಜನರನ್ನು ನೋಡಿದರು, ಫೋಟೋದವನನ್ನು ನೋಡಿದರು, ಲೋಕೇಶನ ಕೈಯನ್ನು ನನ್ನ ಕೊರಳಿನಿಂದ ಬಿಡಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

"ಬನ್ನಿ ಗೌಡ್ರೆ," ಅಂದರು. "ಇದೂ ಒಂದು ಫೋಟೋ ಆಗ್ಲಿ."

ಗೌಡರು ಕೋವಿಯ ಹತ್ತಿರ ಬಂದು ಕೈ ಚಾಚಿ ನಿಂತರು. ಯಾರೂ ಎತ್ತಿಕೊಡಲಿಲ್ಲ. ನನ್ನ ಕಡೆ ನೋಡಿದರು.

"ಎತ್ಕೊಡ್ಲಾ," ಅಂದರು.

ನಾನು ಮರ ಬಿಟ್ಟು ಕದಲಲಿಲ್ಲ. ಒಂದು ಗಳಿಗೆ ಕೈ ಚಾಚಿಯೇ ಇದ್ದರು. ಆಮೇಲೆ ಮಂಡಿ ಹಿಡಿದು, ನರಳಿ, ಬಗ್ಗಿ ತಾವೇ ಎತ್ತಿಕೊಂಡರು. ಎಲ್ಲಿ ನಿಲ್ಲಬೇಕೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಪಂಪುಮನೆಯ ಮೂಲೆಗೆ ಹೋಗಿ, ಗೋಡೆಗೆ ಎಡಭುಜ ಕೊಟ್ಟು, ಕೋವಿಯ ಹಿಡಿಯನ್ನು ಹೆಗಲಿಗೆ ಒತ್ತಿಕೊಂಡು ಗುರಿ ಹಿಡಿದರು. ಮೂತಿ ನೇರ ನನ್ನ ಎದೆಗೆ ಬಂತು. ಅದರ ಮೇಲಿದ್ದ ಕಣ್ಣು ನೋಡಿದೆ. ಅದು ಫೋಟೋಗೆ ನಿಂತವರ ಕಣ್ಣಾಗಿರಲಿಲ್ಲ.

ಹಿಂದಿನ ದಿನ ನಾನು ಒಪ್ಪಿಸಿದ ಮೇಲೆ ಆ ಕೋವಿ ಯಾರ ಯಾರ ಕೈಯಲ್ಲಿತ್ತೋ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಅದು ತುಂಬಿದೆಯೋ ಖಾಲಿಯೋ ನನಗೆ ಗೊತ್ತಿರಲಿಲ್ಲ. ಹುಚ್ಚಮ್ಮ ಹತ್ತಿರ ಬರುತ್ತಿದ್ದಳು, ದೂರ ನಿಲ್ಲು ಎಂದು ಅವಳಿಗೆ ಕೈ ಮಾಡಿದೆ. ಅವಳು ನಿಲ್ಲಲಿಲ್ಲ. ಬಂದು ಇದ್ರೀಸ್ ನಿಂತಿದ್ದ ಜಾಗದಲ್ಲಿ ನಿಂತಳು.

ಫೋಟೋದವನು ಕ್ಯಾಮೆರ ಕಣ್ಣಿಗೆ ಹಿಡಿದು, ಯಾರೂ ಅಲ್ಲಾಡಬೇಡಿ ಅಂದ.

ನಾವು ಅಲ್ಲಾಡಲಿಲ್ಲ.